ಅಂಗೈ ಕಾವು

ನೆಂಟರೆಲ್ಲ ಹೋದ ಮೇಲಿನ ಮೊದಲ ಬೆಳಿಗ್ಗೆ ನಳಕ್ಕೆ ನೀರು ಬಂತು. ಧಾರವಾಡದ ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ ನೀರು ಬರುತ್ತದೆ. ಯಾರು ಸತ್ತರೂ ಅದರ ಸರದಿ ತಪ್ಪುವುದಿಲ್ಲ. ಎದ್ದು ಕೊಡಗಳನ್ನು ತುಂಬಿಸಿದೆ. ಗಂಡ ಸಂಗಮೇಶ ಇದ್ದಾಗ ಅವನು ನಳದ ಹತ್ತಿರ ನಿಲ್ಲುತ್ತಿದ್ದ, ನಾನು ಒಳಗೆ. ಈಗ ಎರಡೂ ಕಡೆ ನಾನೇ ಇದ್ದೆ.

ಮಾವ ಕಟ್ಟೆಯ ಮೇಲೆ ಕೂತಿದ್ದರು. ಅಣ್ಣಿಗೇರಿಯಲ್ಲಿ ಐವತ್ತು ವರ್ಷ ಕ್ಷೌರದಂಗಡಿ ನಡೆಸಿದವರು. ಹನ್ನೆರಡು ದಿನದ ಬಿಳಿ ಗಡ್ಡ ಅವರ ಮುಖದ ಮೇಲೆ ಬೇರೆ ಯಾರದೋ ಎಂಬಂತೆ ಕಾಣುತ್ತಿತ್ತು.

"ಯವ್ವಾ, ಅಷ್ಟ್ ನೀರ್ ಯಾಕ ತುಂಬ್ತಿ? ಇಬ್ಬರ ಅದೀವಿ."

"ಮುಂದಿನ ವಾರ ಬರ್ತೈತೋ ಇಲ್ಲೋ, ಮಾವಾರ."

"ಹೂಂ. ತುಂಬು."

ಒಂಬತ್ತು ಗಂಟೆಗೆ ಸಂಗಮೇಶನ ಫೋನಿಗೆ ಒಂದು ಸಂದೇಶ ಬಂತು. ಆ ಫೋನನ್ನು ಚಾರ್ಜಿಗೆ ಹಾಕುವುದನ್ನು ನಾನು ಬಿಟ್ಟಿರಲಿಲ್ಲ. ಅವನು ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ನಂತರದ ಸಂಶೋಧಕ, ಆಗಿದ್ದ ಜೀವವೈದ್ಯಕೀಯ ಸಂಶೋಧನಾ ಸಂಸ್ಥೆಯ ಸಂದೇಶ. 'ದಿವಂಗತ ಡಾ. ಸಂಗಮೇಶ ಹಡಪದ ಅವರ ನಾಮಿನಿಗೆ' ಎಂದು ಶುರುವಾಗಿತ್ತು. ಅವನ ಫೆಲೋಶಿಪ್ಪಿನ ಉಳಿದ ಅವಧಿಯನ್ನು ಅನುಕಂಪದ ಆಧಾರದ ಮೇಲೆ ಮುಂದುವರಿಸಲು ನನಗೆ ಹಕ್ಕಿದೆ, ಮೂವತ್ತು ದಿನದೊಳಗೆ ತಿಳಿಸಬೇಕು ಎಂದಿತ್ತು. ಕೊನೆಯ ಸಾಲು: 'ಮೃತರ ಹಸ್ತಲೇಖದ ಮೂಲಪ್ರತಿ ನಿಮ್ಮ ಹೆಸರಿಗೆ ವರ್ಗವಾಗಿದೆ.'

ಹಸ್ತಲೇಖದ ಬಗ್ಗೆ ಇಷ್ಟು ಹೇಳಬೇಕು. ನಮ್ಮ ವಿಜ್ಞಾನಕ್ಕೆ ಒಂದು ಹಳೆಯ ನಾಚಿಕೆ ಇತ್ತು. ಒಂದು ಲ್ಯಾಬಿನಲ್ಲಿ ಬಂದ ಫಲಿತಾಂಶ ಇನ್ನೊಂದರಲ್ಲಿ ಬರುತ್ತಿರಲಿಲ್ಲ. ವಿಧಾನವನ್ನು ಎಷ್ಟು ವಿವರವಾಗಿ ಬರೆದರೂ ಮಾಡಿದವನ ಕೈಯಲ್ಲಿ ಏನೋ ಉಳಿದುಬಿಡುತ್ತಿತ್ತು. ಹಾಗಾಗಿ ಕೈಯನ್ನೇ ದಾಖಲಿಸುವ ಗವಸು ಬಂತು. ಮೊಣಕೈಯಿಂದ ಬೆರಳ ತುದಿಯವರೆಗೆ ತೆಳ್ಳಗೆ ಅಂಟಿಕೊಳ್ಳುವ ಬಟ್ಟೆ. ಪ್ರಯೋಗ ಮಾಡುವಾಗ ಸ್ನಾಯುಗಳಲ್ಲಿ ಹರಿಯುವ ಸಣ್ಣ ವಿದ್ಯುತ್ತನ್ನು ಅದು ಬರೆದುಕೊಳ್ಳುತ್ತದೆ. ಇನ್ನೊಬ್ಬರು ಅದನ್ನು ತೊಟ್ಟರೆ, ಬರೆದುಕೊಂಡದ್ದನ್ನು ಅವರ ಸ್ನಾಯುಗಳಿಗೆ ಮೆಲ್ಲಗೆ ಹೇಳಿಕೊಡುತ್ತದೆ. ಗವಸು ತೊಡದ ಪೋಸ್ಟ್‌ಡಾಕ್‌ಗೆ ಈಗ ಎಲ್ಲಿಯೂ ಕೆಲಸವಿಲ್ಲ. ಕೈಯ ಈ ದಾಖಲೆ, ಅಂದರೆ ಹಸ್ತಲೇಖ, ಮಾತ್ರ ಅವನ ಸ್ವಂತ ಆಸ್ತಿ. ಹೊಲಮನೆಯ ಹಾಗೆ ವಾರಸುದಾರರಿಗೆ ಹೋಗುತ್ತದೆ.

ನಾನೂ ಪಿಎಚ್‌ಡಿ ಮಾಡಿದವಳು. ಇಬ್ಬರೂ ಒಂದೇ ವರ್ಷ ಪದವಿ ಪಡೆದೆವು, ಒಂದೇ ಜಾಗಕ್ಕೆ ಅರ್ಜಿ ಹಾಕಿದೆವು, ಅವನಿಗೆ ಸಿಕ್ಕಿತು. ಆಮೇಲೆ ನಾನು ಹನ್ನೊಂದು ಕಡೆ ಅರ್ಜಿ ಹಾಕಿದೆ. 'ನಿಮ್ಮ ಆಸಕ್ತಿಗೆ ಧನ್ಯವಾದಗಳು' ಎಂದು ಹನ್ನೊಂದು ಉತ್ತರ ಬಂದವು. ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾದೆ. ಐದು ವರ್ಷದಿಂದ ಅತಿಥಿ. ಪೋಸ್ಟ್‌ಡಾಕ್‌ಗೆ ಮೂವತ್ತೈದರ ಮಿತಿ ಇದೆ. ನನಗೆ ಆಗ ಮೂವತ್ನಾಲ್ಕು ವರ್ಷ ಐದು ತಿಂಗಳು.

ಮಾವನಿಗೆ ಸಂದೇಶ ಓದಿ ಹೇಳಿದೆ.

"ಅವನ ಜಾಗಾದಾಗ ನೀ ಕುಂದರೂದೇನು?"

"ಹೌದ್ರಿ. ಎರಡು ವರ್ಷ."

"ಅವನ ಕೈ ನಿನ್ನ ಕೈಗೆ ಬರ್ತೈತೆ?"

"ಹಂಗಂತಾರ್ರಿ."

ಅವರು ತಮ್ಮ ಅಂಗೈ ನೋಡಿಕೊಂಡರು. "ನಾ ಅಂಗಡಿ ಕೊಡಾಕ ಹೋದ್ರ ಒಲ್ಲೆ ಅಂದ. ಈಗ ನೋಡು, ಅವನ ಅಂಗಡೀನ ನಿನಗ ಬಂತು. ಹೋಗವ್ವಾ."

*

ಡಾ. ವಸುಂಧರಾ ಕಟ್ಟಿ ಸಂಗಮೇಶನ ಲ್ಯಾಬಿನ ಮುಖ್ಯಸ್ಥೆ. ನನ್ನನ್ನು ಕೂರಿಸಿ ಚಹಾ ತರಿಸಿದರು.

"ಮಹಾದೇವಿ, ನನಗ ಸಮಾಧಾನ ಹೇಳ್ಲಿಕ್ಕೆ ಬರಂಗಿಲ್ಲ. ಕೆಲಸದ ಮಾತು ಹೇಳ್ತೀನಿ."

ಕೆಲಸದ ಮಾತು ನನಗೆ ಅರ್ಧ ಗೊತ್ತಿತ್ತು. ಚಿಕ್ಕಂದಿನಲ್ಲೇ ಸಕ್ಕರೆ ಕಾಯಿಲೆ ಬಂದ ಮಕ್ಕಳಿಗೆ ಇನ್ಸುಲಿನ್ ಸ್ರವಿಸುವ ಕೋಶಗಳನ್ನು ಬೆಳೆಸಿ ಕಸಿ ಮಾಡಬಹುದು. ಆದರೆ ಆ ಕೋಶಗಳನ್ನು ಹೆಪ್ಪುಗಟ್ಟಿಸಿಯೇ ಇಡಬೇಕು. ಕರಗಿಸಿದಾಗ ನೂರರಲ್ಲಿ ಎಪ್ಪತ್ತು ಸಾಯುತ್ತವೆ. ಸಂಗಮೇಶ ಒಂದು ಔಷಧ ಕಂಡುಹಿಡಿದಿದ್ದ. ಕರಗಿಸಿದ ಕೂಡಲೇ ಅದನ್ನು ಸೇರಿಸಿದರೆ ಸುಮಾರು ಎಂಬತ್ತು ಉಳಿಯುತ್ತಿದ್ದವು. ಕಸಿಯಾದ ಮೇಲೂ ಮಕ್ಕಳಿಗೆ ಆರು ತಿಂಗಳು ಅದರ ಚುಚ್ಚುಮದ್ದು ಕೊಡಬೇಕು. ಮೂತ್ರಪಿಂಡಕ್ಕೆ ಭಾರ, ಲಾಭದ ಮುಂದೆ ಸಣ್ಣ ತೊಂದರೆ ಎಂದು ಇಂಥ ಪ್ರಯೋಗಗಳಿಗೆ ಅನುಮತಿ ಕೊಡುವ ಸಮಿತಿ ಒಪ್ಪಿತ್ತು.

"ಹದಿನಾರು ಮಕ್ಕಳ ಪಟ್ಟಿ ತಯಾರದ," ಎಂದರು ಕಟ್ಟಿ ಮೇಡಂ. "ಮೊದಲನೇದು ಏಳು ವರ್ಷದ ಹುಡುಗಿ, ಕುಂದಗೋಳದಾಕಿ. ಆಕಿ ಕಸಿಗೆ ಎಂಟು ವಾರ ಉಳದದ. ಆದ್ರ ಬ್ಯಾರೆ ಎರಡು ಲ್ಯಾಬಿನವರು ಮಾಡಿ ನೋಡ್ಯಾರ, ಫಲ ಬರವಲ್ದು. ಸಂಗಮೇಶನ ಹಸ್ತಲೇಖ ಕಳಿಸಿದ್ವಿ, ಗವಸು ಹಾಕ್ಕೊಂಡು ಮಾಡ್ಯಾರ, ಆದ್ರೂ ಬರವಲ್ದು. ಸಮಿತಿಯವರು ಎರಡನೇ ಕೈಯಿಂದ ಒಮ್ಮೆ ಮಾಡಿ ತೋರಸ್ರಿ ಅಂದಾರ. ಆ ಎರಡನೇ ಕೈ ನೀನಾಗಬೇಕು."

"ಅವನ ಕೈಯಾಗ ಏನಿತ್ತು ಮೇಡಂ?"

"ನನ್ನ ಅವ್ವ ಆಗಿದ್ರ ಕೈಗುಣ ಅಂತಿದ್ಲು. ವಿಜ್ಞಾನದಾಗ ಹಂಗಂತ ಒಂದಿಲ್ಲ. ಆದ್ರ ಇವತ್ತಿಗೆ ನನಗ ಬ್ಯಾರೆ ಹೆಸರು ಗೊತ್ತಿಲ್ಲ."

ಹೊರಗೆ ಬಂದಾಗ ಉಪಕರಣಗಳ ಕೋಣೆ ನೋಡಿಕೊಳ್ಳುವ ಖಾಜಾಸಾಬ್ ಬಾಗಿಲಲ್ಲಿ ನಿಂತಿದ್ದರು. ಕೈಯನ್ನು ಎದೆಗೆ ಮುಟ್ಟಿಸಿಕೊಂಡರು.

"ಮೇಡಮ್ಮಾರ, ಇಂಥಾ ಹೊತ್ತಿನ್ಯಾಗ ಕೇಳಬಾರದ್ರಿ. ಸರ್ ನನ್ನ ಕಡೆ ಒಂದು ಥರ್ಮಾಮೀಟರ್ ಒಯ್ದಿದ್ರು. ದೂರಿಂದ ಹಿಡದ್ರ ಬಿಸಿ ತೋರಸ್ತೈತಲ್ರಿ, ಅದು. ಎರಡು ದಿನಕ್ಕ ಕೊಡ್ತೀನಿ ಖಾಜಾಸಾಬ್ ಅಂದಿದ್ರು. ಸಿಕ್ಕರ ನೋಡ್ರಿ. ಸಿಗದಿದ್ರ ಬಿಡ್ರಿ, ನಾ ಏನಾರ ಹೇಳ್ತೀನಿ."

ಸಂಗಮೇಶನ ಮೇಜಿನ ಡ್ರಾಯರ್‌ಗಳನ್ನು ಹುಡುಕಿದೆ. ಇರಲಿಲ್ಲ.

*

ಗವಸು ತೊಟ್ಟ ಮೊದಲ ದಿನ ಏನೂ ಅನ್ನಿಸಲಿಲ್ಲ. ಮುಂಗೈಯಲ್ಲಿ ಇರುವೆ ಹರಿದಂತೆ ಆಯಿತು, ಅಷ್ಟೇ. ಎರಡನೆಯ ವಾರಕ್ಕೆ ಬೆರಳುಗಳು ತಾವಾಗಿ ಸರಿಯಾದ ಜಾಗಕ್ಕೆ ಹೋಗತೊಡಗಿದವು. ಪಿಪೆಟ್ಟನ್ನು ಅವನು ಕಿರುಬೆರಳು ಎತ್ತಿ ಹಿಡಿಯುತ್ತಿದ್ದ. ಅದನ್ನು ನೋಡಿ ನಾನು ನಗುತ್ತಿದ್ದೆ. ಈಗ ನನ್ನ ಕಿರುಬೆರಳು ಎದ್ದು ನಿಂತಿತು. ಪಕ್ಕದ ಬೆಂಚಿನವರು ನೋಡಿ ಮುಖ ತಿರುಗಿಸಿಕೊಂಡರು. ನಾನು ಕೆಲಸ ಮುಂದುವರಿಸಿದೆ.

ಹೊರಗಿನ ಲ್ಯಾಬುಗಳಿಗೆ ಕಳಿಸುವ ಪ್ರತಿಯಲ್ಲಿ ಕೈ ಸುಮ್ಮನಿರುವ ಹೊತ್ತನ್ನೆಲ್ಲ ಯಂತ್ರವೇ ಕತ್ತರಿಸಿಬಿಡುತ್ತದೆ. ಐದು ಸೆಕೆಂಡಿಗಿಂತ ಹೆಚ್ಚು ಅಲ್ಲಾಡದಿದ್ದರೆ ಅದು 'ವಿರಾಮ' ಎಂದು ಬರೆದು ಬಿಟ್ಟುಬಿಡುತ್ತದೆ. ಕೆಲಸವಲ್ಲದ್ದನ್ನು ಕಳಿಸಿ ಏನು ಪ್ರಯೋಜನ. ಲ್ಯಾಬಿನಲ್ಲಿ ಕಲಿಯುವವರೂ ಅದೇ ಪ್ರತಿಯನ್ನು ಬಳಸುತ್ತಾರೆ. ಮೂಲಪ್ರತಿ ಮಾತ್ರ ವಾರಸುದಾರರಿಗೆ. ಮೂರನೆಯ ವಾರ ನಾನು ಮೂಲಪ್ರತಿ ಹಾಕಿಕೊಂಡೆ. ಅದಕ್ಕೆ ವೈಜ್ಞಾನಿಕ ಕಾರಣವೇನೂ ಇರಲಿಲ್ಲ. ಅವನ ಕೈ ಸುಮ್ಮನಿದ್ದದ್ದೂ ನನಗೆ ಬೇಕಿತ್ತು.

ಔಷಧದ ಸೀಸೆ ಫ್ರಿಜ್ಜಿನಿಂದ ಬರುತ್ತದೆ. ನನ್ನ ಬಲಗೈ ಅದನ್ನು ಎತ್ತಿಕೊಂಡಿತು. ಮುಚ್ಚಳ ತೆಗೆಯಲಿಲ್ಲ. ಬೆರಳುಗಳು ಒಂದೊಂದಾಗಿ ಮಡಚಿ ಅದರ ಸುತ್ತ ಮುಚ್ಚಿಕೊಂಡವು, ಹಾಗೇ ಉಳಿದವು. ನಲವತ್ತು ಸೆಕೆಂಡು. ಆಮೇಲೆ ತೆರೆದು ಕೆಲಸ ಮುಂದುವರಿಸಿದವು.

ಅವನು ದಣಿದು ಒಂದು ಕ್ಷಣ ನಿಂತಿರಬೇಕು ಎಂದುಕೊಂಡೆ. ಮರುದಿನವೂ ಹಾಗೇ ಆಯಿತು. ಪ್ರತಿ ಸಲವೂ. ದಿನಕ್ಕೆ ಆರು ಸಲ ನನ್ನ ಕೈ ಅವನ ಕೈಯಾಗಿ ಒಂದು ಸಣ್ಣ ಗಾಜಿನ ಸೀಸೆಯನ್ನು ಹಿಡಿದುಕೊಂಡು ಸುಮ್ಮನಿರುತ್ತಿತ್ತು. ಉಳಿದ ಹೊತ್ತೆಲ್ಲ ನನಗೆ ಏನೂ ತಾಗುತ್ತಿರಲಿಲ್ಲ. ಅನ್ನ, ಬಿಸಿಲು, ಜನರ ಮಾತು, ಯಾವುದೂ. ಆ ನಲವತ್ತು ಸೆಕೆಂಡು ತಾಗುತ್ತಿತ್ತು. ಅದಕ್ಕಾಗಿ ಬೆಳಿಗ್ಗೆ ಏಳುತ್ತಿದ್ದೆ.

ಫಲಿತಾಂಶ ಏರತೊಡಗಿತು. ಉಳಿದ ಕೋಶಗಳು ನೂರಕ್ಕೆ ಐವತ್ತೆರಡು. ಅರವತ್ತು. ಅರವತ್ತೈದು. ಕಟ್ಟಿ ಮೇಡಂ ನನ್ನ ಭುಜ ಮುಟ್ಟಿ, "ಬಂತು ನೋಡು," ಎಂದರು. ಅವರ ಕಣ್ಣು ತುಂಬಿತ್ತು. ಕೈ ಯಾಕೆ ನಿಲ್ಲುತ್ತದೆ ಎಂದು ನಾನು ಕೇಳಿಕೊಳ್ಳಲಿಲ್ಲ. ಯಾರಿಗೂ ಹೇಳಲಿಲ್ಲ. ಹೇಳಿದರೆ ಅದು ನನ್ನದಾಗಿ ಉಳಿಯುತ್ತಿರಲಿಲ್ಲ. ಹಾಗೆ ಹದಿನಾರು ದಿನ.

*

ಹದಿನಾರನೆಯ ದಿನ ಭಾನುವಾರ. ಮಾವ ತಮ್ಮ ಚೀಲದಿಂದ ಹಳೆಯ ಮಡಚುಗತ್ತಿ ತೆಗೆದರು.

"ಯವ್ವಾ, ಕನ್ನಡಿ ಕೊಡು. ಅಣ್ಣಿಗೇರಿಗೆ ಹೋಗಬೇಕು. ಈ ಮುಖಾ ಹೊತಗೊಂಡ ಹ್ವಾದ್ರ, ಹಡಪದ ಧಾರವಾಡಕ್ಕ ಹೋಗಿ ಸ್ವಾಮಿ ಆಗಿ ಬಂದಾನಂತಾರ."

ಕನ್ನಡಿ ತಂದು ಕಿಟಕಿಗೆ ಒರಗಿಸಿದೆ. ಅವರು ಮುಖಕ್ಕೆ ಸಾಬೂನು ಹಚ್ಚಿಕೊಂಡರು. ಕತ್ತಿಯನ್ನು ಮಸೆದರು. ಆಮೇಲೆ ಅದನ್ನು ಮಡಚಿ ಬಲ ಅಂಗೈಯಲ್ಲಿಟ್ಟು ಬೆರಳು ಒಂದೊಂದಾಗಿ ಮುಚ್ಚಿದರು. ಸುಮ್ಮನೆ ಕೂತರು. ತುಟಿ ಅಲ್ಲಾಡುತ್ತಿತ್ತು.

ನಾನು ಕನ್ನಡಿಯ ಹತ್ತಿರವೇ ನಿಂತೆ.

"ಏನ್ ಎಣಸ್ತೀರಿ, ಮಾವಾರ?"

"ನಲವತ್ತು." ಮುಗಿಸಿ ಕತ್ತಿ ಬಿಚ್ಚಿದರು. "ಉಕ್ಕು ತಣ್ಣಗ ತಾಗಿದ್ರ ಗಿರಾಕಿ ಜಿಗೀತಾನ. ಜಿಗದ್ರ ಕೊಯ್ತೈತಿ. ಜೀವ ಇದ್ದದ್ದಕ್ಕ ತಣ್ಣಂದು ಮುಟ್ಟಸಬಾರದು. ಕೈಯಾಗ ಕಾಸಿ ಮುಟ್ಟಸಬೇಕು. ನಮ್ಮಪ್ಪ ಹೇಳಿದ್ದು."

"ಅವರಿಗೂ ಹೇಳಿಕೊಟ್ಟಿದ್ರೇನು?"

"ಸಂಗ್ಯಾಗ? ಮೊದಲ ಕಲಿಸಿದ್ದ ಅದು. ಎಂಟು ವರ್ಷದಾಂವ. ಕತ್ತಿ ಹಚ್ಚಾಕ ಕೊಟ್ಟಿಲ್ಲ, ಬರೇ ಕಾಸಾಕ ಕೊಟ್ಟಿದ್ದೆ. ಅಂಗಡ್ಯಾಗ ಕುಂತು ಎಣಸಾಂವ. ಮುಂದ ಸಾಲಿ ಕಲತು ಎಲ್ಲಾ ಮರತ."

ಅವರು ಗಡ್ಡ ಕೆರೆಯತೊಡಗಿದರು. ನಾನು ನೆಲದ ಮೇಲೆ ಕೂತೆ.

ಐದು ವರ್ಷ ಯಾರೂ ನೋಡಿರದ ತಪ್ಪು ಈಗ ನನಗೆ ಹಸ್ತರೇಖೆಯಷ್ಟು ಸ್ಪಷ್ಟವಾಗಿ ಕಂಡಿತು. ನಾವು ಎರಡು ತಟ್ಟೆಗಳನ್ನು ಹೋಲಿಸುತ್ತಿದ್ದೆವು. ಒಂದರ ಕೋಶಗಳಿಗೆ ಔಷಧ, ಇನ್ನೊಂದಕ್ಕೆ ಬರಿಯ ಉಪ್ಪುನೀರು. ಉಪ್ಪುನೀರು ಮೇಜಿನ ಮೇಲೇ ಇರುತ್ತದೆ, ತಣ್ಣಗೇನೂ ಅಲ್ಲ. ಅದನ್ನು ಯಾರೂ ಕಾಸುವುದಿಲ್ಲ. ಔಷಧ ಫ್ರಿಜ್ಜಿನಿಂದ ಬರುತ್ತದೆ, ಮುಟ್ಟಿದರೆ ಕೊರೆಯುತ್ತದೆ. ಅದನ್ನು ಹಡಪದರ ಮಗ ಅಂಗೈಯಲ್ಲಿ ಮುಚ್ಚಿ ನಲವತ್ತು ಎಣಿಸಿ ಆಮೇಲೆ ಕೋಶಕ್ಕೆ ಮುಟ್ಟಿಸಿದ. ಕೋಶಗಳನ್ನು ಉಳಿಸಿದ್ದು ಔಷಧವಲ್ಲ, ಅಂಗೈಯ ಕಾವೇ ಇರಬಹುದು.

ಅಳೆದು ನೋಡಬೇಕಿತ್ತು. ಆಗ ಖಾಜಾಸಾಬರ ಥರ್ಮಾಮೀಟರ್ ನೆನಪಾಯಿತು. ಮನೆಯ ಕಪಾಟು, ಅವನ ಚೀಲ, ಎಲ್ಲ ಹುಡುಕಿದೆ. ಕೊನೆಗೆ ಸ್ಕೂಟರಿನ ಸೀಟು ಎತ್ತಿದೆ. ಮಳೆಕೋಟಿನ ಕೆಳಗೆ, ಕರ್ಚೀಫಿನಲ್ಲಿ ಸುತ್ತಿ ಇಟ್ಟಿದ್ದ.

ಗುಂಡಿ ಒತ್ತಿದೆ. ಆ ಉಪಕರಣ ಕೊನೆಯ ಹತ್ತು ಅಳತೆಗಳನ್ನು ದಿನಾಂಕದೊಂದಿಗೆ ನೆನಪಿಟ್ಟುಕೊಳ್ಳುತ್ತದೆ. ಅವುಗಳಲ್ಲಿ ಏಳು ಅವನದು. ಮೂವತ್ತಮೂರು ಡಿಗ್ರಿ, ಮೂವತ್ತಮೂರೂವರೆ, ಮತ್ತೆ ಮೂವತ್ತಮೂರು: ಅಂಗೈಯ ಕಾವು. ಮೊದಲನೆಯದು ಅವನು ಸಾಯುವ ಹತ್ತೊಂಬತ್ತು ದಿನ ಮೊದಲಿನದು. ಅದಾದ ಹತ್ತು ದಿನಕ್ಕೆ ಅವನು ಫೆಲೋಶಿಪ್ ವಿಸ್ತರಣೆಯ ಅರ್ಜಿಗೆ ಸಹಿ ಹಾಕಿದ್ದ. ನನ್ನ ನೇಮಕಾತಿಯ ಕಾಗದಗಳ ಜೊತೆ ಅದರ ಪ್ರತಿ ಬಂದಿತ್ತು; 'ಔಷಧದ ಪರಿಣಾಮ ದೃಢಪಟ್ಟಿದೆ' ಎಂದು ಅದರಲ್ಲಿ ಬರೆದಿತ್ತು. ಅದೇ ಅರ್ಜಿಯಲ್ಲಿ ನಾಮಿನಿ ಎಂದು ನನ್ನ ಹೆಸರು. ಆ ಸಂಜೆ ಮನೆಗೆ ಬಂದು ಜೋಳದ ರೊಟ್ಟಿ ಕೇಳಿ ಮಾಡಿಸಿಕೊಂಡು ತಿಂದಿದ್ದ. ನನಗೆ ಏನೂ ಹೇಳಿರಲಿಲ್ಲ.

ಅನುಮಾನವೇ ಇಲ್ಲದಿದ್ದರೆ ಯಾರೂ ಏಳು ಸಲ ಅಳೆಯುವುದಿಲ್ಲ. ಖಚಿತವಾಗಿದ್ದರೂ ಅಳೆಯುವುದಿಲ್ಲ. ಈ ಎರಡರ ನಡುವೆ ಅವನು ಎಲ್ಲಿದ್ದ ಎಂದು ನನಗೆ ತಿಳಿಯಲಿಲ್ಲ. ಆ ಬುಧವಾರ ಮಧ್ಯಾಹ್ನ ಅವನ ಮೆದುಳಿನಲ್ಲಿ ರಕ್ತನಾಳ ಒಡೆಯದಿದ್ದರೆ ಗುರುವಾರ ಹೇಳುತ್ತಿದ್ದನೇ ಎಂದು ಕೇಳಲು ಯಾರೂ ಇರಲಿಲ್ಲ.

*

ಸೋಮವಾರ ಗವಸು ತೊಡದೆ, ನನ್ನ ಕೈಯಿಂದಲೇ ಪ್ರಯೋಗ ಮಾಡಿದೆ. ನಾಲ್ಕು ತಟ್ಟೆ. ಕಾಸುವುದಕ್ಕೆ ಅಂಗೈ ಬಳಸಲಿಲ್ಲ, ಮೂವತ್ತಮೂರು ಡಿಗ್ರಿಯ ನೀರಿನ ತೊಟ್ಟಿ ಇಟ್ಟೆ. ಮೂರು ದಿನ, ಮೂರು ಸಲ. ತಣ್ಣನೆಯ ಔಷಧ: ನೂರಕ್ಕೆ ಮೂವತ್ತೊಂದು ಕೋಶ ಉಳಿದವು. ಮೇಜಿನ ಮೇಲಿನ ಉಪ್ಪುನೀರು: ಮೂವತ್ತನಾಲ್ಕು. ಬೆಚ್ಚಗಿನ ಔಷಧ: ಎಪ್ಪತ್ತೊಂಬತ್ತು. ಬೆಚ್ಚಗಿನ ಉಪ್ಪುನೀರು, ಅದರಲ್ಲಿ ಏನೂ ಇಲ್ಲ: ಎಪ್ಪತ್ತೊಂಬತ್ತು.

ವರದಿ ಬರೆದು ಕಟ್ಟಿ ಮೇಡಂಗೆ ಕೊಟ್ಟೆ. ಅವರು ಎರಡು ಸಲ ಓದಿದರು. ಕನ್ನಡಕ ತೆಗೆದಿಟ್ಟರು.

"ಔಷಧ ಬೆಚ್ಚಗ ಮಾಡಿ ಹಾಕ್ರಿ ಅಂತ ವಿಧಾನದಾಗ ಒಂದು ಸಾಲು ಸೇರಿಸಿದ್ರ ಆತಲ್ಲ? ಎಪ್ಪತ್ತೊಂಬತ್ತು ಎಪ್ಪತ್ತೊಂಬತ್ತ. ಯಾರು ಸುಳ್ಳು ಹೇಳಿದಂಗಾತು?"

"ಔಷಧಾನ ಬ್ಯಾಡರಿ, ಮೇಡಂ. ಬೆಚ್ಚಗಿನ ನೀರು ಸಾಕು. ಆರು ತಿಂಗಳು ಆ ಹುಡುಗಿಗೆ ಚುಚ್ಚತೀವಿ. ಮೂತ್ರಪಿಂಡಕ್ಕ ಭಾರ ಅಂತ ನಿಮಗೂ ಗೊತ್ತದ."

"ಬೆಚ್ಚಗಿನ ನೀರಿಗೆ ಯಾರೂ ಟ್ರಯಲ್ ಮಾಡಂಗಿಲ್ಲ, ಮಹಾದೇವಿ. ಬೆಚ್ಚಗಿನ ನೀರಿಗೆ ಯಾರೂ ಫೆಲೋಶಿಪ್ ಕೊಡಂಗಿಲ್ಲ. ಮೊದಲಿಂದ ಒಪ್ಪಿಗಿ ತಗೋಬೇಕು, ಎರಡು ವರ್ಷ, ಮೂರು ವರ್ಷ. ಅಲ್ಲಿ ತನಕ ಆ ಹದಿನಾರು ಮಕ್ಕಳು ದಿನಾ ಸೂಜಿ ಚುಚ್ಚಿಸ್ಕೋತನ ಇರ್ತಾವ. ಅದನ್ನೂ ಲೆಕ್ಕ ಹಿಡಿ."

"ಹಿಡದೀನ್ರಿ."

"ನಿನ್ನ ಜಾಗಾನೂ ಹೋಗ್ತದ. ಅನುಕಂಪದ ನೇಮಕಾತಿ ಈ ಯೋಜನಾಕ್ಕ ಅಷ್ಟ. ಯೋಜನಾ ನಿಂತ್ರ ನೀನೂ ನಿಂತಿ. ಮೂವತ್ತೈದಕ್ಕ ಎಷ್ಟು ಉಳದದ?"

"ಐದು ತಿಂಗಳರಿ."

ಅವರು ಕಿಟಕಿಯ ಕಡೆ ನೋಡಿದರು. ಹೊರಗೆ ಕಾಯುವ ಬೆಂಚಿನ ಮೇಲೆ ಒಬ್ಬ ತಾಯಿ ಮಗುವಿನ ಬೆರಳು ಚುಚ್ಚಿ ಸಕ್ಕರೆ ನೋಡುತ್ತಿದ್ದಳು. ಮಗು ಅಳಲಿಲ್ಲ, ರೂಢಿಯಾಗಿತ್ತು. ಬೆರಳನ್ನು ಬಾಯಿಗಿಟ್ಟುಕೊಂಡಿತು. ಕಟ್ಟಿ ಮೇಡಂ ಕನ್ನಡಕ ಹಾಕಿಕೊಂಡು ವರದಿಯನ್ನು ಹತ್ತಿರ ಎಳೆದುಕೊಂಡರು.

"ಕಳಸ್ತೀನಿ," ಎಂದರು. "ಸಮಿತಿಗೆ ನಾಳೆನ ಕಳಸ್ತೀನಿ. ಆದ್ರ ಈ ಕಡೀ ಪುಟ ತಗಿ." ಥರ್ಮಾಮೀಟರಿನ ಏಳು ಅಳತೆಗಳನ್ನೂ ಅರ್ಜಿಗೆ ಸಹಿ ಹಾಕಿದ ದಿನಾಂಕವನ್ನೂ ನಾನು ಬರೆದಿದ್ದ ಪುಟ. "ಅವಂಗ ಗೊತ್ತಿತ್ತು ಅಂತ ಜನಕ್ಕ ತಿಳಿಸಿ ಏನ್ ಮಾಡ್ತಿ? ಹೋದಾಂವ. ತಪ್ಪು ನೀ ಹಿಡದಿ, ಅಷ್ಟ ಇರ್ಲಿ. ಅವನ ಹೆಸರು ಉಳೀಲಿ."

ಆ ಪುಟವನ್ನು ಕೈಗೆ ತೆಗೆದುಕೊಂಡೆ. ಅದು ಇಲ್ಲದಿದ್ದರೆ ಅವನು ತಿಳಿಯದೆ ತಪ್ಪಿದ ಒಳ್ಳೆಯ ವಿಜ್ಞಾನಿ. ಇದ್ದರೆ, ತಿಳಿದೂ ಸಹಿ ಹಾಕಿದವನು. ಆದರೆ ತನ್ನ ಫಲಿತಾಂಶವನ್ನು ಮೊದಲು ಅನುಮಾನಿಸಿದವನು, ಥರ್ಮಾಮೀಟರ್ ಬೇಡಿ ತಂದು ಅಳೆದವನು ಅವನೇ. ಪುಟ ತೆಗೆದರೆ ಅದೂ ಹೋಗುತ್ತದೆ. ನನಗೆ ಅವನು ಪೂರ್ತಿಯಾಗಿ ಬೇಕಿತ್ತು. ಅದಕ್ಕೇ ಅಲ್ಲವೇ ಮೂಲಪ್ರತಿ ಹಾಕಿಕೊಂಡದ್ದು.

ಮೇಜಿನ ಮೇಲಿನ ಪೆನ್ನು ತೆಗೆದುಕೊಂಡು ಪುಟದ ಕೆಳಗೆ ಒಂದು ಸಾಲು ಸೇರಿಸಿದೆ. 'ಕೈ ನಲವತ್ತು ಸೆಕೆಂಡು ನಿಲ್ಲುತ್ತದೆ ಎಂಬುದು ಗೊತ್ತಾದ ಮೇಲೂ ನಾನು ಹದಿನಾರು ದಿನ ಯಾರಿಗೂ ಹೇಳಲಿಲ್ಲ.' ಸಹಿ ಹಾಕಿ ಪುಟವನ್ನು ಜಾಗದಲ್ಲಿಟ್ಟೆ.

ಕಟ್ಟಿ ಮೇಡಂ ಓದಿದರು. ವರದಿಯನ್ನು ಲಕೋಟೆಗೆ ಹಾಕಿದರು.

ಗವಸನ್ನು ಅವತ್ತೇ ಮರಳಿಸಬೇಕಿತ್ತು. ಒಂದು ಸಲ ತೊಡಬಹುದಿತ್ತು, ಯಾರೂ ಬೇಡ ಎನ್ನುತ್ತಿರಲಿಲ್ಲ. ತೊಡಲಿಲ್ಲ. ಮಡಚಿ ಪೆಟ್ಟಿಗೆಯಲ್ಲಿಟ್ಟೆ.

ಖಾಜಾಸಾಬ್ ಉಪಕರಣಗಳ ಕೋಣೆಯಲ್ಲಿ ಊಟದ ಡಬ್ಬಿ ಬಿಚ್ಚಿದ್ದರು. ನನ್ನನ್ನು ನೋಡಿ ಮುಚ್ಚಿ ಎದ್ದರು.

"ಸಿಕ್ತೇನ್ರಿ? ಎಲ್ಲಿತ್ರಿ?"

"ಸ್ಕೂಟರಿನ್ಯಾಗ."

"ಜೋಪಾನ ಮಾಡಿ ಇಟ್ಟಾರ ನೋಡ್ರಿ." ಕರ್ಚೀಫು ಬಿಚ್ಚಿ, ಮಡಚಿ ನನಗೆ ಕೊಟ್ಟರು. ಥರ್ಮಾಮೀಟರನ್ನು ತಿರುಗಿಸಿ ನೋಡಿದರು. "ಒಮ್ಮೆ ಪರೀಕ್ಷಾ ಮಾಡಿ ಇಡ್ತೀನ್ರಿ, ನಮ್ಮ ಪದ್ಧತಿ. ಕೈ ತೋರಸ್ರಿ."

ಬಲಗೈ ಮುಂದೆ ಮಾಡಿ ಅಂಗೈ ತೆರೆದೆ. ಕಿರುಬೆರಳು ತುಸು ಎದ್ದೇ ಇತ್ತು. ಗವಸಿಲ್ಲದೆಯೂ. ಕೆಂಪು ಚುಕ್ಕೆ ಅಂಗೈ ನಡುವೆ ಬಿತ್ತು.

"ಇಪ್ಪತ್ತೆಂಟು," ಎಂದರು ಖಾಜಾಸಾಬ್. "ಭಾಳ ತಣ್ಣಗದಾವ್ರಿ ನಿಮ್ಮ ಕೈ." ಇನ್ನೊಮ್ಮೆ ಹಿಡಿದು ನೋಡಿ, "ಯಂತ್ರ ಬರೋಬ್ಬರಿ ಐತ್ರಿ," ಎಂದು ಅದನ್ನು ಕಪಾಟಿನ ಅದರ ಜಾಗದಲ್ಲಿಟ್ಟರು.